ಕಕ್ಕಡದ ಮಳೆಗೆ ಯಾವ ಹೆದರಿಕೆ ಸಿನಿಮಾ? ‘ವಿಕರ್ ಮ್ಯಾನ್’ ಮತ್ತು ಅದರ ನೆಂಟರು

ಜುಲೈ ಕಾಲಿಟ್ಟು, ಕೊಡಗಿನಲ್ಲಿ ನಾವು ಕಕ್ಕಡ ಅನ್ನುವ ಮಳೆಯ ತಿಂಗಳು ಹತ್ತಿರವಾದರೆ ನನಗೆ ಬರುವ ಫೋನುಗಳಲ್ಲಿ ಒಂದೇ ಬೇಡಿಕೆ. ವಾರಗಟ್ಟಲೆ ಬಿಸಿಲಿಲ್ಲ, ಬಟ್ಟೆ ಒಲೆಯ ಮೇಲಿನ ಹಗ್ಗದಲ್ಲಿ ಹೊಗೆ ಕುಡಿಯುತ್ತಾ ಒಣಗುತ್ತಿದೆ, ಸಂಜೆ ಐದಕ್ಕೇ ಲೈಟ್ ಹಾಕಬೇಕು. ‘ಒಂದು ಒಳ್ಳೆ ಹೆದರಿಕೆ ಸಿನಿಮಾ ಹೇಳಿ. ಬಿಳಿ ಸೀರೆ, ಗೆಜ್ಜೆ ಸದ್ದು ಬೇಡ. ಊರು, ಕಾಡು, ಹರಕೆ, ಬಲಿ, ಆ ಥರದ್ದು.’ ಅಂಥದ್ದಕ್ಕೆ ಈಗ ಫೋಕ್ ಹಾರರ್ ಅನ್ನುತ್ತಾರೆ.

ಈ ಸಲ ಕೇಳಿದವರು ಮೂವರು. ಒಬ್ಬರು ನಾಪೋಕ್ಲು ಕಡೆ ಹೋಂಸ್ಟೇ ನಡೆಸುವ ಅಕ್ಕ. ಮಳೆಗೆ ಹೊರಗೆ ಹೋಗಲಾಗದ ಬೆಂಗಳೂರಿನ ಅತಿಥಿಗಳನ್ನು ಶನಿವಾರ ರಾತ್ರಿ ಹಾಲ್‌ನಲ್ಲಿ ಕೂರಿಸಲು ಏನಾದರೂ ಬೇಕು. ಇನ್ನೊಬ್ಬ ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ ಓದುವ ಪಕ್ಕದ ಮನೆ ಹುಡುಗ. ಒಂದು ರೂಮು, ಐವರು ಹುಡುಗರು, ಒಂದು ಲ್ಯಾಪ್‌ಟಾಪ್, ಮೊಬೈಲ್ ಡೇಟಾ ಲೆಕ್ಕದ್ದು. ಮೂರನೆಯವರು ನನ್ನ ಸೋದರಮಾವ. ಮೂವತ್ತು ವರ್ಷ ಎಸ್ಟೇಟಿನಲ್ಲಿ ರೈಟರ್, ಅಂದರೆ ಗುಮಾಸ್ತ, ಆಗಿದ್ದವರು, ಈಗ ಎಪ್ಪತ್ತು ದಾಟಿದೆ, ಸಬ್‌ಟೈಟಲ್ ಓದಲು ಕಣ್ಣು ಸಾಲದು. ಮೂವರೂ ಎಲ್ಲೋ ‘ದಿ ವಿಕರ್ ಮ್ಯಾನ್’ ಹೆಸರು ಕೇಳಿದ್ದಾರೆ. ‘ಅದನ್ನೇ ನೋಡೋದಾ, ಬೇರೆ ಇದೆಯಾ?’ ಒಬ್ಬೊಬ್ಬರಿಗೂ ಬಿಡಿಸಿ ಹೇಳುವ ಬದಲು ಒಮ್ಮೆ ಬರೆದೇ ಬಿಡುತ್ತೇನೆ.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮುಖ್ಯವಾದದ್ದು, ಸಿನಿಮಾ ಯಾರ ಕಣ್ಣಿನಿಂದ ನೋಡುತ್ತದೆ ಎಂಬುದು. ಈ ಜಾತಿಯ ಕಥೆಗಳಲ್ಲಿ ಸಾಮಾನ್ಯವಾಗಿ ಹೊರಗಿನಿಂದ ಒಬ್ಬ ಬರುತ್ತಾನೆ, ಊರಿನ ಆಚರಣೆ ನೋಡಿ ಬೆಚ್ಚುತ್ತಾನೆ. ಪಟ್ಟಣದವರಿಗೆ ಅವನ ಜೊತೆ ಕೂರುವುದು ಸುಲಭ. ಕೊಡಗಿನವರಿಗೆ ಅಷ್ಟು ಸುಲಭವಲ್ಲ.

ಒಂದು ಮೇ ತಿಂಗಳಲ್ಲಿ ಬೆಂಗಳೂರಿನ ಗೆಳೆಯನೊಬ್ಬನನ್ನು ಕಾರಿನಲ್ಲಿ ಕರೆದುಕೊಂಡು ಗೋಣಿಕೊಪ್ಪ ದಾಟುತ್ತಿದ್ದೆ. ಅವತ್ತು ಕುಂಡೆ ಹಬ್ಬ. ನೈಟಿ ತೊಟ್ಟು, ಮೀಸೆಯ ಕೆಳಗೆ ಲಿಪ್‌ಸ್ಟಿಕ್ ಬಳಿದುಕೊಂಡ ಗಂಡಸರು ಪ್ಲಾಸ್ಟಿಕ್ ಡಬ್ಬ ಬಡಿಯುತ್ತಾ ಕಾರಿಗೆ ಅಡ್ಡ ಬಂದರು, ಬಾಯಿಗೆ ಬಂದಂತೆ ಬೈದರು, ಕಾಸು ಕೇಳಿದರು. ಗೆಳೆಯ ಗಾಜು ಏರಿಸಿ, ಸೀಟಿನಲ್ಲಿ ಕೆಳಕ್ಕೆ ಜಾರಿ, ‘ಪೊಲೀಸ್‌ಗೆ ಫೋನ್ ಮಾಡೋಣ್ವಾ?’ ಅಂದ. ನಾನು ಇಪ್ಪತ್ತು ರೂಪಾಯಿ ಕೊಟ್ಟೆ, ಇನ್ನೊಂದು ಬೈಗುಳ ತಿಂದೆ, ನಕ್ಕೆ. ವರ್ಷವಿಡೀ ತಲೆ ತಗ್ಗಿಸಿ ದುಡಿಯುವ ಹಾಡಿಯ ಆದಿವಾಸಿ ಜನ ಆ ಒಂದು ದಿನ ಯಾರನ್ನು ಬೇಕಾದರೂ ಬೈಯಬಹುದು. ಕೊನೆಗೆ ದೇವರಪುರದ ಗುಡಿಗೆ ಹೋಗಿ ದೇವರನ್ನೂ ಬೈದು ಬರುತ್ತಾರೆ. ಒಂದೇ ಕಾರಿನಲ್ಲಿ ಎರಡು ಸಿನಿಮಾ ನಡೆಯುತ್ತಿತ್ತು: ಅವನದು ಹಾರರ್, ನನ್ನದು ವರ್ಷಕ್ಕೊಮ್ಮೆ ಬರುವ ಹಬ್ಬ. ಫೋಕ್ ಹಾರರ್ ಆರಿಸುವಾಗ ನೀವು ಕಾರಿನ ಯಾವ ಸೀಟಿನಲ್ಲಿ ಕೂತಿದ್ದೀರಿ ಅಂತ ಮೊದಲು ನೋಡಿಕೊಳ್ಳಿ.

ಎರಡನೆಯದು ನೆಲ. ಹೆದರಿಸುವ ಕೆಲಸವನ್ನು ಮಣ್ಣು, ಬೆಳೆ, ಮಳೆ ಮಾಡುತ್ತದೆಯೇ, ಅಥವಾ ಮೇಕಪ್ಪು ಮತ್ತು ದೊಡ್ಡ ಸದ್ದು ಮಾಡುತ್ತವೆಯೇ? ಸಾವಿರಕ್ಕೂ ಹೆಚ್ಚು ದೇವರಕಾಡು ಇರುವ ಜಿಲ್ಲೆಯವರು ನಾವು. ಕಾಡಿನ ಅಂಚಿನಲ್ಲಿ ದನಿ ತಾನಾಗಿ ತಗ್ಗುವುದು ಅಭ್ಯಾಸ. ಸ್ಟುಡಿಯೋದಲ್ಲಿ ಕಟ್ಟಿದ ಕಾಡು ನಮ್ಮ ಕಣ್ಣಿಗೆ ಬೇಗ ಸಿಕ್ಕಿಬೀಳುತ್ತದೆ.

ಮೂರನೆಯದು ಜೊತೆಯಲ್ಲಿ ಕೂರುವವರು. ಮಕ್ಕಳಿದ್ದಾರಾ, ಅತ್ತೆ ಇದ್ದಾರಾ? ಈ ಸಿನಿಮಾಗಳಲ್ಲಿ ರಕ್ತಕ್ಕಿಂತ ಬೆತ್ತಲೆ ಹೆಚ್ಚು, ಮೊದಲೇ ಹೇಳಿರುತ್ತೇನೆ. ಇನ್ನು ಹೊತ್ತು, ಕರೆಂಟು, ಕಾಸು. ಇನ್ವರ್ಟರ್ ಎರಡು ಗಂಟೆ ಮಾತ್ರ ತಡೆಯುವ ಮನೆಯಲ್ಲಿ ಎರಡೂವರೆ ಗಂಟೆಯ ಸಿನಿಮಾ ಹಾಕಿ, ಕೊನೆಯ ಅರ್ಧ ಗಂಟೆ ಕತ್ತಲಲ್ಲಿ ಕೂತವನ ಅನುಭವದ ಮಾತು ಇದು.

‘ವಿಕರ್ ಮ್ಯಾನ್’: ದೊರೆಯ ದ್ವೀಪ

1973ರ ಬ್ರಿಟಿಷ್ ಸಿನಿಮಾ. ನಿರ್ದೇಶಕ ರಾಬಿನ್ ಹಾರ್ಡಿ, ಚಿತ್ರಕಥೆ ಆಂಥನಿ ಶಾಫರ್. ಹೋವಿ ಎಂಬ ಕಟ್ಟಾ ಕ್ರೈಸ್ತ ಪೊಲೀಸ್ ಸಾರ್ಜೆಂಟ್, ಕಾಣೆಯಾದ ಹುಡುಗಿಯನ್ನು ಹುಡುಕಿಕೊಂಡು ಸ್ಕಾಟ್ಲೆಂಡಿನ ಸಮ್ಮರ್‌ಐಲ್ ಎಂಬ ಕಾಲ್ಪನಿಕ ದ್ವೀಪಕ್ಕೆ ನೀರ್ವಿಮಾನದಲ್ಲಿ ಬಂದಿಳಿಯುತ್ತಾನೆ. ಬಂದರಿನ ಮುದುಕರಿಗೆ ಹುಡುಗಿಯ ಫೋಟೋ ಕೊಡುತ್ತಾನೆ. ಫೋಟೋ ಕೈಯಿಂದ ಕೈಗೆ ಹೋಗುತ್ತದೆ, ಒಬ್ಬೊಬ್ಬರೂ ನಿಧಾನವಾಗಿ ನೋಡುತ್ತಾರೆ, ತಲೆಯಾಡಿಸುತ್ತಾರೆ. ಯಾರೂ ಒರಟಾಗಿ ಮಾತಾಡುವುದಿಲ್ಲ. ಹಳ್ಳಿಯವರು ಹೊರಗಿನವರಿಗೆ ಏನನ್ನೂ ಹೇಳಬಾರದು ಅಂತ ತೀರ್ಮಾನಿಸಿದಾಗ ಎಷ್ಟು ಮರ್ಯಾದೆಯಿಂದ ಇರುತ್ತಾರೆ ಅನ್ನುವುದು ಗೊತ್ತಿದ್ದವರಿಗೆ ಅಲ್ಲೇ ಬೆನ್ನು ತಣ್ಣಗಾಗುತ್ತದೆ.

ಇಡೀ ಸಿನಿಮಾದಲ್ಲಿ ದೆವ್ವ ಇಲ್ಲ, ಮಂತ್ರವಾದಿ ಇಲ್ಲ. ಬಹುಪಾಲು ಹಗಲು ಬೆಳಕು. ಪಾಲ್ ಜಿಯೋವನ್ನಿ ಕಟ್ಟಿದ ಜನಪದ ಧಾಟಿಯ ಹಾಡುಗಳು ಎಷ್ಟಿವೆಯೆಂದರೆ ಇದನ್ನು ಸಂಗೀತದ ಸಿನಿಮಾ ಅಂದರೂ ತಪ್ಪಿಲ್ಲ. ಶಾಲೆಯ ದೃಶ್ಯದಲ್ಲಿ ಹೋವಿ ಕಾಣೆಯಾದ ಹುಡುಗಿಯ ಡೆಸ್ಕ್ ತೆರೆಯುತ್ತಾನೆ. ಒಳಗೆ ಮೊಳೆಗೆ ದಾರ ಕಟ್ಟಿದ ಒಂದು ಜೀರುಂಡೆ. ಸುತ್ತಿದಷ್ಟೂ ದಾರ ಮೊಳೆಗೆ ಸುತ್ತಿಕೊಂಡು, ಅದು ಮೊಳೆಗೆ ಇನ್ನಷ್ಟು ಹತ್ತಿರವಾಗುತ್ತಿದೆ. ಪಕ್ಕದ ಹುಡುಗಿ ತಣ್ಣಗೆ ವಿವರಿಸುತ್ತಾಳೆ. ಇಡೀ ಕಥೆ ಆ ಡೆಸ್ಕಿನೊಳಗಿದೆ.

ನನ್ನನ್ನು ಮತ್ತೆ ಮತ್ತೆ ಈ ಸಿನಿಮಾಗೆ ಎಳೆಯುವುದು ಇನ್ನೊಂದು. ಕ್ರಿಸ್ಟೋಫರ್ ಲೀ ಸಂಭಾವನೆಯಿಲ್ಲದೆ ನಟಿಸಿದ ಲಾರ್ಡ್ ಸಮ್ಮರ್‌ಐಲ್‌ನ ಪಾತ್ರ. ಅವನು ಹೋವಿಗೆ ದ್ವೀಪದ ಇತಿಹಾಸ ಹೇಳುತ್ತಾನೆ: ಅವನ ಅಜ್ಜ 1868ರಲ್ಲಿ ಬರಡಾಗಿದ್ದ ದ್ವೀಪವನ್ನು ಕೊಂಡ, ವಿಜ್ಞಾನ ಓದಿದವ, ಹೊಸ ತಳಿಯ ಹಣ್ಣಿನ ಗಿಡ ತಂದ. ಹಸಿದು ಸೋತಿದ್ದ ಜನ ಎದ್ದು ಕೆಲಸ ಮಾಡಬೇಕಲ್ಲ, ಅದಕ್ಕೆ ಅವರ ಹಳೆಯ ದೇವರುಗಳನ್ನು ಅವರಿಗೇ ವಾಪಸು ಕೊಟ್ಟ. ಗಿಡ ಫಲ ಬಿಟ್ಟಿತು, ಪಾದ್ರಿಗಳು ದ್ವೀಪ ಬಿಟ್ಟರು. ಅಂದರೆ ಆ ಪುರಾತನ ಧರ್ಮಕ್ಕೆ ನೂರು ವರ್ಷದ ಆಸುಪಾಸಿನ ವಯಸ್ಸಷ್ಟೇ, ಅದನ್ನು ತೋಟದ ಯಜಮಾನ ಲೇಬರ್ ಮ್ಯಾನೇಜ್‌ಮೆಂಟಿಗಾಗಿ ನೆಟ್ಟದ್ದು!

ಲಂಡನ್ನಿನ ವಿಮರ್ಶಕನಿಗೆ ಇದು ಒಂದು ಸಂಭಾಷಣೆ. ಕೊಡಗಿನವರಿಗೆ ಗುರುತಿನ ಮುಖ. ಇಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯಲ್ಲಿ ಕಾಫಿ ತೋಟ ಎಬ್ಬಿಸಿದ್ದು 1854ರಲ್ಲಿ. ಆಮೇಲೆ ಬಂದವರನ್ನೆಲ್ಲ ನಮ್ಮ ಹಿರಿಯರು ದೊರೆ ಎಂದೇ ಕರೆದರು. ಸಮ್ಮರ್‌ಐಲ್‌ನ ಯಜಮಾನ ಅಪ್ಪಟ ಎಸ್ಟೇಟ್ ದೊರೆ: ಬಂಗಲೆ, ಒಳ್ಳೆಯ ಕೋಟು, ಜನರ ಹಬ್ಬದಲ್ಲಿ ಒಂದು ವೇಷ ಹಾಕಿ ಕುಣಿಯುವ ಔದಾರ್ಯ. ಕಥೆಯ ಬುಡದಲ್ಲಿರುವ ಭಯವೂ ನಮ್ಮದೇ. ದ್ವೀಪದಲ್ಲಿ ಸೇಬಿನ ಫಸಲು ಕೈಕೊಟ್ಟಿದೆ. ಮಾರ್ಚಿಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ತಪ್ಪಿದರೆ ನಾವು ಸ್ಪ್ರಿಂಕ್ಲರ್ ಹಾಕುತ್ತೇವೆ. ಹೊಳೆಯಲ್ಲಿ ನೀರೂ ಇಲ್ಲದಿದ್ದರೆ ಹರಕೆ ಹೊರುತ್ತೇವೆ. ಹರಕೆಯೂ ಹುಸಿಯಾದರೆ ಮುಂದೇನು ಅನ್ನುವುದು ಈ ಸಿನಿಮಾದ ಪ್ರಶ್ನೆ. ಕೊನೆ ನಾನು ಹೇಳುವುದಿಲ್ಲ. ಪೋಸ್ಟರ್ ಹೇಳಿಬಿಡುತ್ತದೆ, ದಯವಿಟ್ಟು ನೋಡಬೇಡಿ.

ಕೊರತೆ? ನಿಧಾನ ಇದೆ. ಮೇ ತಿಂಗಳ ಕಥೆಯನ್ನು 1972ರ ಅಕ್ಟೋಬರ್ ಚಳಿಯಲ್ಲಿ ಶೂಟ್ ಮಾಡಿದ್ದರಿಂದ ಮರಗಳಿಗೆ ಅಂಟಿಸಿದ ಹೂವು ಕೆಲವು ಕಡೆ ಕಾಗದದಂತೆ ಕಾಣುತ್ತದೆ. ಬೆತ್ತಲೆಯ ದೃಶ್ಯಗಳಿವೆ, ಹಾಗಾಗಿ ಮಕ್ಕಳ ಜೊತೆ ಬೇಡ. ಸ್ಕಾಟಿಷ್ ಉಚ್ಚಾರಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ.

ಯಾವ ಪ್ರತಿ?

ಇಲ್ಲಿ ಎಚ್ಚರ ಬೇಕು, ಏಕೆಂದರೆ ಒಂದೇ ಹೆಸರಿನಲ್ಲಿ ಮೂರು ಸಿನಿಮಾ ಓಡಾಡುತ್ತಿವೆ. ಬಿಡುಗಡೆಯ ಹೊತ್ತಿಗೆ ನಿರ್ಮಾಣ ಸಂಸ್ಥೆಗೆ ಇದರ ಮೇಲೆ ನಂಬಿಕೆಯಿರಲಿಲ್ಲ. ಕತ್ತರಿಸಿ, ಇನ್ನೊಂದು ಸಿನಿಮಾದ ಜೊತೆ ಬಾಲಂಗೋಚಿಯಾಗಿ ಥಿಯೇಟರಿಗೆ ಕಳಿಸಿದರು. ಆ ಚಿತ್ರಮಂದಿರದ ಪ್ರತಿ ಸುಮಾರು 88 ನಿಮಿಷ. ಓಟ ಚುರುಕು, ಚಿತ್ರ ಸ್ವಚ್ಛ. ಆದರೆ ಹೋವಿಯ ದ್ವೀಪವಾಸವನ್ನು ಒಂದು ರಾತ್ರಿ ಕಡಿಮೆ ಮಾಡಿದ್ದಾರೆ, ದೊರೆ ಮೊದಲು ಕಾಣಿಸಿಕೊಳ್ಳುವ ರಾತ್ರಿಯ ದೃಶ್ಯವೇ ಇಲ್ಲ.

ಎರಡನೆಯದು 99 ನಿಮಿಷದ ಉದ್ದದ ಪ್ರತಿ. ಮುಖ್ಯಭೂಮಿಯ ಪೊಲೀಸ್ ಠಾಣೆಯ ಆರಂಭವೂ ಇದರಲ್ಲಿದೆ, ಹೋವಿ ಎಂಥ ಮನುಷ್ಯ, ಸಹೋದ್ಯೋಗಿಗಳು ಅವನ ಬೆನ್ನ ಹಿಂದೆ ಏನನ್ನುತ್ತಾರೆ ಎಂಬುದು ಗೊತ್ತಾಗುತ್ತದೆ. ಸೇರಿಸಿದ ಭಾಗಗಳು ಹಳೆಯ ಟೇಪಿನಿಂದ ತೆಗೆದವು, ಅಲ್ಲಲ್ಲಿ ಚಿತ್ರ ಕಲಸಿದಂತೆ ಮಂಕಾಗುತ್ತದೆ. ದೊಡ್ಡ ಪರದೆಯಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ.

ಮೂರನೆಯದು 2013ರ ಫೈನಲ್ ಕಟ್. ಹಾರ್ವರ್ಡ್‌ನ ಚಿತ್ರಸಂಗ್ರಹದಲ್ಲಿ ಸಿಕ್ಕ ಹಳೆಯ 35 ಎಂಎಂ ಪ್ರಿಂಟಿನ ನೆರವಿನಿಂದ, ಹಾರ್ಡಿಯ ಒಪ್ಪಿಗೆಯೊಂದಿಗೆ ಕಟ್ಟಿದ್ದು, ಸುಮಾರು ಒಂದೂವರೆ ಗಂಟೆ. ದೊರೆಯ ರಾತ್ರಿ ದೃಶ್ಯ ಮರಳಿದೆ, ಪೊಲೀಸ್ ಠಾಣೆ ಇಲ್ಲ. ಮೊದಲ ಸಲ ನೋಡುವವರು ಕಣ್ಣುಮುಚ್ಚಿ ಇದನ್ನೇ ಆರಿಸಿ. ಸಿಗದಿದ್ದರೆ 88ರದು ಸಾಕು. 99ರದು ಒಮ್ಮೆ ನೋಡಿ ಹುಚ್ಚು ಹಿಡಿದವರಿಗೆ. ದುಡ್ಡು ಕಟ್ಟುವ ಮೊದಲು ನಿಮಿಷಗಳ ಲೆಕ್ಕ ನೋಡಿ, ಹೆಸರು ನೋಡಿ ಮೋಸಹೋಗಬೇಡಿ.

ಅದೇ ಹೆಸರಿನ 2006ರ ಅಮೆರಿಕನ್ ಸಿನಿಮಾ ಬೇರೆ. ನಿಕೊಲಸ್ ಕೇಜ್, ಸೇಬಿನ ಬದಲು ಜೇನು. ಜೇನುಪೆಟ್ಟಿಗೆ ಇಟ್ಟು ಗೊತ್ತಿರುವ ಊರಲ್ಲಿ ಇದು ನಗೆಚಿತ್ರ.

ಬೆಟ್ಟದ ಆಚೆಯವು

ಇಂಗ್ಲಿಷ್ ಬೇಡ ಅನ್ನುವವರಿಗೆ ಮೊದಲ ಹೆಸರು ‘ಭ್ರಮಯುಗಂ’. 2024ರ ಮಲಯಾಳಂ ಸಿನಿಮಾ, ನಿರ್ದೇಶಕ ರಾಹುಲ್ ಸದಾಶಿವನ್. ಪೂರ್ತಿ ಕಪ್ಪು ಬಿಳುಪು. ಹದಿನೇಳನೆಯ ಶತಮಾನದ ಮಲಬಾರ್, ಪಾಳುಬಿದ್ದ ಮನೆ, ಮಳೆ, ಮೂವರು ಗಂಡಸರು. ಓಡಿಬಂದ, ಪಾಣರ ಜಾತಿಯ ಹಾಡುಗಾರ ಆ ಮನೆಯ ಬಾಗಿಲಿಗೆ ಬರುತ್ತಾನೆ. ಮನೆಯ ಯಜಮಾನ, ಮಮ್ಮೂಟ್ಟಿ ನಟಿಸಿದ ಪೋಟ್ಟಿ, ಊಟ ಹಾಕಿ, ಪಗಡೆ ಆಡಲು ಕರೆಯುತ್ತಾನೆ. ಪಣವಾಗಿ ಕೇಳುವುದು ಅವನ ಕಾಲವನ್ನು. ಹೊರಗಿನವ ಬಂದು ಸಿಕ್ಕಿಕೊಳ್ಳುವ ಅದೇ ಕಥೆ, ಆದರೆ ಇಲ್ಲಿ ಬಂದವನು ಪೊಲೀಸನಲ್ಲ, ಎಲ್ಲರಿಗಿಂತ ಕೆಳಗಿನವನು. ಹಾಗಾಗಿ ಭಯದ ಜೊತೆ ಸಿಟ್ಟೂ ಬರುತ್ತದೆ. ಮಾಕುಟ್ಟ ಘಾಟಿ ದಾಟಿದರೆ ಸಿಗುವ ನಾಡು, ವಿರಾಜಪೇಟೆ ಕಡೆಯವರಿಗೆ ಭಾಷೆಯೂ ಅರ್ಧ ಗೊತ್ತು. ನಮ್ಮ ಕಡೆಯ ಕುಟ್ಟಿಚಾತ ತೆರೆಯನ್ನು, ಅಂದರೆ ಆ ದೈವದ ವೇಷ ಕಟ್ಟಿ ಕುಣಿಯುವ ಆಚರಣೆಯನ್ನು, ಬೆಂಕಿಯ ಬೆಳಕಲ್ಲಿ ನಿಂತು ನೋಡಿದವರಿಗೆ ಇದರ ಚಾತನ್ ಎಂಬ ಶಕ್ತಿ ಹೊಸದಲ್ಲ. ಆದರೆ ನಾವು ಕೈಮುಗಿಯುವ ಶಕ್ತಿ ಇಲ್ಲಿ ಹೆದರಿಸುವ ಪಾತ್ರ, ಮನೆಯಲ್ಲಿ ಹಿರಿಯರಿದ್ದರೆ ಮೊದಲೇ ಒಂದು ಮಾತು ಹೇಳಿ. ಉದ್ದ 139 ನಿಮಿಷ, ಇನ್ವರ್ಟರ್ ನೋಡಿಕೊಳ್ಳಿ. ಸೋನಿ ಲಿವ್‌ನಲ್ಲಿ ಬಂದದ್ದು.

ಮಳೆಯ ವಿಷಯದಲ್ಲಿ ಮಾತ್ರ ‘ತುಂಬಾಡ್’ ಅನ್ನು ಯಾರೂ ಮೀರಿಸಲಾರರು. 2018ರ ಹಿಂದಿ ಸಿನಿಮಾ, ರಾಹಿ ಅನಿಲ್ ಬರ್ವೆ ನಿರ್ದೇಶನ, ಕೊಂಕಣದ ಹಳ್ಳಿ, 1918ರಿಂದ 1947ರವರೆಗಿನ ಕಥೆ. ದೇವತೆಗಳ ಸಾಲಿನಿಂದ ಹೊರಗಿಟ್ಟ ಹಸ್ತರ್, ಅವನ ಚಿನ್ನ, ಅದರ ಹಿಂದೆ ಬಿದ್ದ ಒಂದು ಮನೆತನ. ಹಲವು ಮಳೆಗಾಲ ಕಾದು ತೆಗೆದ ಸಿನಿಮಾ. ಆ ಒದ್ದೆ ಗೋಡೆ, ಪಾಚಿ, ಬೂದು ಬೆಳಕು ಆಗಸ್ಟ್ ತಿಂಗಳ ಭಾಗಮಂಡಲದಂತೆಯೇ ಇದೆ. ಇದರಲ್ಲಿ ಊರಿನ ಆಚರಣೆ ಕಡಿಮೆ, ದುರಾಸೆ ಹೆಚ್ಚು. ಕಟ್ಟುನಿಟ್ಟಾಗಿ ನೋಡಿದರೆ ‘ವಿಕರ್ ಮ್ಯಾನ್’ನ ಸೋದರನಲ್ಲ, ದಾಯಾದಿ. ಎರಡು ಗಂಟೆಯೊಳಗೆ ಮುಗಿಯುತ್ತದೆ, ಬಿಗಿ ಸಡಿಲುವುದಿಲ್ಲ. ನಿಧಾನ ಸಹಿಸದವರಿಗೆ ನನ್ನ ಮೊದಲ ಶಿಫಾರಸು ಇದೇ.

ಕನ್ನಡದ್ದೇ ಬೇಕೆಂದರೆ 2015ರ ‘ರಂಗಿತರಂಗ’ ಇದೆ. ಭೂತದ ನಂಬಿಕೆಯ ಊರು, ಹೊರಗಿನಿಂದ ಬಂದ ಜೋಡಿ. ಆದರೆ ಅದು ಕೊನೆಗೆ ಪತ್ತೇದಾರಿಯಾಗುತ್ತದೆ, ಯಾರು ಮಾಡಿದ್ದು ಎಂಬ ಕುತೂಹಲವೇ ಅದರ ಊಟ. ಮನೆಮಂದಿಯೆಲ್ಲ ಕೂತು ನೋಡಲು ಅಡ್ಡಿಯಿಲ್ಲ.

ದೂರದವು

‘ಓನಿಬಾಬಾ’, ಜಪಾನ್, 1964, ಕನೆಟೊ ಶಿಂಡೊ. ಯುದ್ಧದ ಕಾಲ, ಆಳೆತ್ತರದ ಜೊಂಡು ಹುಲ್ಲು, ಅತ್ತೆ ಸೊಸೆ. ದಾರಿತಪ್ಪಿದ ಯೋಧರನ್ನು ಕೊಂದು, ಕವಚ ಮಾರಿ, ಹೆಣಗಳನ್ನು ಒಂದು ಗುಂಡಿಗೆ ಹಾಕಿ ಬದುಕುತ್ತಾರೆ. ನೆಲದ ಲೆಕ್ಕದಲ್ಲಿ ಇದಕ್ಕೆ ಪೂರ್ತಿ ಅಂಕ: ಹುಲ್ಲು ಗಾಳಿಗೆ ಬಾಗುವುದನ್ನು ನೋಡುತ್ತಲೇ ಉಸಿರುಗಟ್ಟುತ್ತದೆ. ಆಮೇಲೊಂದು ಮುಖವಾಡ ಬರುತ್ತದೆ, ಮಳೆ ಬರುತ್ತದೆ. ಇಲ್ಲಿ ಹೊರಗಿನವರ ಕಣ್ಣೇ ಇಲ್ಲ, ಪೂರ್ತಿ ಆ ಇಬ್ಬರು ಹೆಂಗಸರ ಹಸಿವಿನ ಕಣ್ಣು. ಒಬ್ಬರೇ ನೋಡುವ ಸಿನಿಮಾ. ಅತ್ತೆ ಸೊಸೆ ಒಟ್ಟಿಗೆ ನೋಡುವುದಂತೂ ಬೇಡ.

‘ವೀಯ್’, ಸೋವಿಯತ್ ಒಕ್ಕೂಟ, 1967, ಗೊಗೋಲನ ಕಥೆ, 77 ನಿಮಿಷ. ಹಳ್ಳಿಯ ಚರ್ಚಿನಲ್ಲಿ ಸತ್ತ ಹುಡುಗಿಯ ಮುಂದೆ ಮೂರು ರಾತ್ರಿ ಪ್ರಾರ್ಥನೆ ಓದಬೇಕಾದ ಪುಕ್ಕಲು ವಿದ್ಯಾರ್ಥಿ, ಸುತ್ತ ಸೀಮೆಸುಣ್ಣದ ಗೆರೆ. ಅಜ್ಜಿಕಥೆಯ ಗತ್ತು, ಕೊನೆಯ ರಾತ್ರಿ ವೇಷಗಳ ಜಾತ್ರೆ. ಹತ್ತು ದಾಟಿದ ಮಕ್ಕಳಿಗೂ ಆಗುತ್ತದೆ. ಮಾಸ್‌ಫಿಲ್ಮ್ ಸ್ಟುಡಿಯೋ ತನ್ನ ಹಳೆಯ ಸಿನಿಮಾಗಳನ್ನು ಯೂಟ್ಯೂಬ್‌ನಲ್ಲಿ ಉಚಿತವಾಗಿ ಇಡುವ ರೂಢಿಯಿದೆ, ಕಾಸಿಲ್ಲದವರು ಮೊದಲು ಅಲ್ಲಿ ಹುಡುಕಿ.

‘ಮಿಡ್‌ಸಾಮರ್’ ಎಲ್ಲ ಹುಡುಗರೂ ಕೇಳುವ ಹೆಸರು. 2019, ಆರಿ ಆಸ್ಟರ್, ಸ್ವೀಡನ್ನಿನ ಕಥೆ, ಶೂಟಿಂಗ್ ಹಂಗೇರಿಯಲ್ಲಿ. ರಾತ್ರಿಯೇ ಇಲ್ಲದ ಬೆಳಕಿನಲ್ಲಿ ಹೆದರಿಸುವ ಧೈರ್ಯ ಮೆಚ್ಚತಕ್ಕದ್ದು. ‘ವಿಕರ್ ಮ್ಯಾನ್’ಗೆ ಅದರ ಸಾಲ ಎಷ್ಟೆಂಬುದು ಎರಡನ್ನೂ ನೋಡಿದವರಿಗೆ ಕಾಣುತ್ತದೆ. 147 ನಿಮಿಷ ಹಿಡಿಯುತ್ತದೆ, ಕೆಲವು ಕಡೆ ಹೊಟ್ಟೆ ತೊಳಸುತ್ತದೆ. ನನ್ನ ತಕರಾರು ಬೇರೆ: ಆ ಊರಿನವರು ಹೊಲದಲ್ಲಿ ದುಡಿದು ಬೆವರಿದ್ದು ಕಾಣುವುದೇ ಇಲ್ಲ. ಸದಾ ಇಸ್ತ್ರಿ ಮಾಡಿದ ಬಿಳಿ ಬಟ್ಟೆ. ಸಮ್ಮರ್‌ಐಲ್‌ನಲ್ಲಿ ಅಂಚೆಯಂಗಡಿ ಇದೆ, ಹೆಂಡದಂಗಡಿ ಇದೆ, ಕೈಕೊಟ್ಟ ಫಸಲು ಇದೆ. ಅದು ಊರು, ಇದು ಸೆಟ್.

2015ರ ‘ದಿ ವಿಚ್’ ಚೆನ್ನಾಗಿದೆ, ಮೆಕ್ಕೆಜೋಳಕ್ಕೆ ರೋಗ, ಕಾಡಂಚಿನ ಮನೆ, ಒಂದು ಕರಿ ಹೋತ. ಹಳೆಯ ಕಾಲದ ಇಂಗ್ಲಿಷ್ ಮಾತು ಹಿಡಿಯುವುದು ಕಷ್ಟ, ಅಷ್ಟೇ.

ಮೂವರಿಗೆ ಹೇಳಿದ್ದು

ಹೋಂಸ್ಟೇ ಅಕ್ಕನಿಗೆ: ಮಕ್ಕಳಿದ್ದ ದಿನ ‘ವೀಯ್’. ದೊಡ್ಡವರೇ ಇದ್ದರೆ ‘ವಿಕರ್ ಮ್ಯಾನ್’ ಫೈನಲ್ ಕಟ್, ಆದರೆ ಅತಿಥಿಗಳು ಹೊರಡುವ ಹಿಂದಿನ ರಾತ್ರಿ ಮಾತ್ರ. ಬಂದ ದಿನವೇ ಹಾಕಿದರೆ ಮರುದಿನ ನೀವು ಪ್ರೀತಿಯಿಂದ ಕೊಟ್ಟ ಕಾಫಿಯನ್ನು ಅವರು ಕುಡಿಯಲಿಕ್ಕಿಲ್ಲ. ಅಕ್ಕ ಅದನ್ನು ನಂಬಲಿಲ್ಲ, ಬಂದ ದಿನವೇ ಹಾಕಿದರು. ಮರುದಿನ ತೋಟ ಸುತ್ತಲು ಬನ್ನಿ ಅಂದರೆ ಒಬ್ಬರೂ ಬರಲಿಲ್ಲವಂತೆ. ಜಿಗಣೆಯ ನೆವ ಹೇಳಿದರಂತೆ.

ಹುಡುಗರಿಗೆ: ಡೇಟಾ ಕಡಿಮೆಯಿದ್ದರೆ ‘ತುಂಬಾಡ್’ ಡೌನ್‌ಲೋಡ್ ಮಾಡಿಕೊಳ್ಳಿ, ಒಂದು ವಾರ ಬಿಟ್ಟು 88 ನಿಮಿಷದ ‘ವಿಕರ್ ಮ್ಯಾನ್’, ಅದಾದ ಮೇಲೆ ಬೇಕಾದರೆ ‘ಮಿಡ್‌ಸಾಮರ್’. ಈ ಕ್ರಮ ತಿರುಗಿಸಿದರೆ ಹಳೆಯದು ಸಪ್ಪೆ ಅನಿಸುತ್ತದೆ.

ಮಾವನಿಗೆ ‘ಭ್ರಮಯುಗಂ’ ಅಂತ ನಿಶ್ಚಯಿಸಿದ್ದೆ. ಎಸ್ಟೇಟಿನ ಲೈನ್ ಮನೆಗಳ ಕೂಲಿಯವರ ಜೊತೆ ಮಾತಾಡಿ ಮಾತಾಡಿ ಅವರ ಮಲಯಾಳಂ ನನ್ನ ಕನ್ನಡಕ್ಕಿಂತ ಚೆನ್ನಾಗಿದೆ. ಆದರೆ ಬಾಯಿತಪ್ಪಿ ದೊರೆಯ ವಿಷಯ ಹೇಳಿಬಿಟ್ಟೆ, ‘ಅದನ್ನೇ ಹಾಕು’ ಅಂತ ಪಟ್ಟು ಹಿಡಿದರು. ಸುಟ್ಟ ಹಲಸಿನ ಬೀಜ ಮುಂದಿಟ್ಟುಕೊಂಡು, ಪ್ರತಿ ಮಾತನ್ನೂ ಅವರ ಕಿವಿಯಲ್ಲಿ ಕನ್ನಡ ಮಾಡುತ್ತಾ ಕೂತೆ. ಹಾಡುಗಳಿಗೆ ಮಂಡಿಯ ಮೇಲೆ ತಾಳ ಹಾಕಿದರು. ಬೆತ್ತಲೆ ದೃಶ್ಯಕ್ಕೆ ಕನ್ನಡಕ ತೆಗೆದು ಒರೆಸಿದರು. ಕೊನೆಯ ಹತ್ತು ನಿಮಿಷ ಬೀಜ ಬಿಡಿಸುವುದನ್ನು ನಿಲ್ಲಿಸಿದ್ದರು. ಮುಗಿಯಿತು. ಹೊರಗೆ ಹೆಂಚಿನ ಮೇಲೆ ಮಳೆ. ತುಂಬ ಹೊತ್ತು ಸುಮ್ಮನಿದ್ದು, ನನ್ನ ಕಡೆ ತಿರುಗಿ ಕೇಳಿದರು:

‘ಅಲ್ಲ ಮಾರಾಯ, ಆ ದೊರೆ ಅವರಿಗೆಲ್ಲ ಕೂಲಿ ಎಷ್ಟು ಕೊಡ್ತಿದ್ದ?’